ಕಡು ಎಡ, ಕಡು ಬಲ ಒಂದೇ ಬಾವುಟದಡಿ: ನ್ಯಾಷನಲ್ ಬೋಲ್ಷೆವಿಕರ ಕುರಿತು ಓದುಗರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ರಷ್ಯಾದ ಹಳೆಯ ಮೆರವಣಿಗೆಯೊಂದರ ಚಿತ್ರದಲ್ಲಿ ಕೆಂಪು ಬಾವುಟ, ಅದರ ನಡುವೆ ಬಿಳಿಯ ವೃತ್ತ, ವೃತ್ತದೊಳಗೆ ಕಪ್ಪು ಬಣ್ಣದ ಕುಡುಗೋಲು-ಸುತ್ತಿಗೆ ಇರುವುದನ್ನು ನೋಡಿದೆ. ಅದು ನಾಜಿಗಳ ಬಾವುಟವೋ ಕಮ್ಯುನಿಸ್ಟರದೋ ತಿಳಿಯಲಿಲ್ಲ. ಕಡು ಎಡಪಂಥ ಮತ್ತು ಕಡು ಬಲಪಂಥದ ವಿಚಾರಗಳು ಒಂದೇ ಚಳವಳಿಯಲ್ಲಿ ನಿಜವಾಗಿಯೂ ಬೆರೆಯಲು ಸಾಧ್ಯವೇ? ಎರಡು ತುದಿಗಳು ಕುದುರೆ ಲಾಳದಂತೆ ಬಾಗಿ ಹತ್ತಿರವಾಗುತ್ತವೆ ಎನ್ನುವ ಮಾತು ಸರಿಯೇ? 1989ರಲ್ಲಿ ವಿ.ಪಿ. ಸಿಂಗ್ ಸರ್ಕಾರಕ್ಕೆ ಬಿಜೆಪಿ ಮತ್ತು ಎಡಪಕ್ಷಗಳೆರಡೂ ಬೆಂಬಲ ಕೊಟ್ಟದ್ದು ಇದೇ ಬಗೆಯದೇ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದನ್ನು ಬದಿಗಿಟ್ಟರೆ ಉಳಿದದ್ದು ಸ್ಪಷ್ಟವಾಗುತ್ತದೆ. 1989ರಲ್ಲಿ ನಡೆದದ್ದು ಬಾಹ್ಯ ಬೆಂಬಲ. 1967ರಲ್ಲಿ ಬಿಹಾರದ ಸಂಯುಕ್ತ ವಿಧಾಯಕ ದಳ ಸರ್ಕಾರದಲ್ಲಿ ಜನಸಂಘ ಮತ್ತು ಭಾರತ ಕಮ್ಯುನಿಸ್ಟ್ ಪಕ್ಷ ಒಂದೇ ಸಂಪುಟದಲ್ಲಿ ಕುಳಿತಿದ್ದವು. ಎರಡೂ ಸಂದರ್ಭಗಳಲ್ಲಿ ಕಾಂಗ್ರೆಸ್ಸನ್ನು ಅಧಿಕಾರದಿಂದ ದೂರವಿಡುವುದು ಉದ್ದೇಶವಾಗಿತ್ತು. ಯಾವ ಪಕ್ಷವೂ ತನ್ನ ಸಿದ್ಧಾಂತದ ಒಂದು ಸಾಲನ್ನೂ ತಿದ್ದಿಕೊಳ್ಳಲಿಲ್ಲ. ಇದು ಹೊಂದಾಣಿಕೆಯೇ ಹೊರತು ಬೆರಕೆಯಲ್ಲ. ನೀವು ಚಿತ್ರದಲ್ಲಿ ಕಂಡದ್ದು ಬೇರೆಯ ಜಾತಿಯದು: ಎರಡೂ ಕಡೆಯ ನಂಬಿಕೆಗಳನ್ನು ಒಬ್ಬನೇ ವ್ಯಕ್ತಿ, ಒಂದೇ ಕಾರ್ಯಕ್ರಮದಲ್ಲಿ, ಪೂರ್ಣ ಮನಸ್ಸಿನಿಂದ ಹಿಡಿದುಕೊಳ್ಳುವ ರಾಜಕಾರಣ ಅದು. ಆ ಬಾವುಟ ರಷ್ಯಾದ ನ್ಯಾಷನಲ್ ಬೋಲ್ಷೆವಿಕ್ ಪಕ್ಷದ್ದು (ಬೋಲ್ಷೆವಿಕರೆಂದರೆ ಲೆನಿನ್ ನೇತೃತ್ವದ ರಷ್ಯಾದ ಕಮ್ಯುನಿಸ್ಟರು). ಕೆಂಪು ಬಣ್ಣ ಮತ್ತು ಬಿಳಿ ವೃತ್ತ ನಾಜಿ ಬಾವುಟದಿಂದ ಬಂದವು, ಸ್ವಸ್ತಿಕದ ಜಾಗದಲ್ಲಿ ಸೋವಿಯತ್ ಚಿಹ್ನೆ ಕುಳಿತಿದೆ, ಮತ್ತು ಈ ಗೊಂದಲವನ್ನು ಅದನ್ನು ರೂಪಿಸಿದವರು ಬೇಕೆಂದೇ ಉಂಟುಮಾಡಿದ್ದಾರೆ.

ಕುದುರೆ ಲಾಳದ ವಾದವನ್ನು ನಾನು ಒಪ್ಪುವುದಿಲ್ಲ. ಎರಡು ತುದಿಗಳು ತಮ್ಮ ಸ್ವಭಾವದಿಂದಲೇ ಒಂದಾಗುವುದಾದರೆ, ಎರಡು ಮಹಾಯುದ್ಧಗಳ ನಡುವಿನ ಜರ್ಮನಿಯಲ್ಲಿ ಕಮ್ಯುನಿಸ್ಟರು ಮತ್ತು ನಾಜಿಗಳು ಬೀದಿಬೀದಿಗಳಲ್ಲಿ ಒಬ್ಬರನ್ನೊಬ್ಬರು ಕೊಂದದ್ದಕ್ಕೆ, ಅಧಿಕಾರಕ್ಕೆ ಬಂದ ನಾಜಿಗಳು ಮೊದಲು ಸೆರೆಶಿಬಿರಗಳಿಗೆ ತುಂಬಿದವರಲ್ಲಿ ಕಮ್ಯುನಿಸ್ಟರೇ ಹೆಚ್ಚಾಗಿದ್ದುದಕ್ಕೆ ಆ ವಾದದಲ್ಲಿ ವಿವರಣೆಯಿಲ್ಲ. ಬೆರಕೆ ನಡೆಯುವುದು ನಿಜ. ಆದರೆ ಅದು ಎಲ್ಲ ಕಾಲದಲ್ಲೂ ನಡೆಯುವುದಿಲ್ಲ. ಸೋತು ಅವಮಾನಗೊಂಡ ದೇಶದಲ್ಲಿ, ಹಣದ ಬೆಲೆ ಕುಸಿದು ಮಧ್ಯಮ ವರ್ಗ ಬೀದಿಗೆ ಬಿದ್ದಾಗ, ಸಂಸತ್ತು ಹೊರಗಿನ ಶಕ್ತಿಗಳ ಕೈಗೊಂಬೆ ಎಂಬ ಭಾವನೆ ಬಲವಾದಾಗ ಅದಕ್ಕೆ ದಾರಿ ತೆರೆಯುತ್ತದೆ. ಅದರ ಹಿಂದೆ ಒಂದು ನಿರ್ದಿಷ್ಟ ವೈಚಾರಿಕ ನಡೆಯೂ ಇದೆ. ಇಟಲಿಯ ರಾಷ್ಟ್ರವಾದಿ ಎನ್ರಿಕೊ ಕೊರಾದಿನಿ 1910ರಲ್ಲಿ ಅದನ್ನು ಅತ್ಯಂತ ಸರಳವಾಗಿ ಹೇಳಿದ: ವರ್ಗಗಳಲ್ಲಿ ಶ್ರಮಿಕ ವರ್ಗ ಇರುವಂತೆ ರಾಷ್ಟ್ರಗಳಲ್ಲಿಯೂ ಶ್ರಮಿಕ ರಾಷ್ಟ್ರಗಳಿವೆ, ಇಟಲಿ ಅಂಥದ್ದೊಂದು. ಈ ಒಂದು ವಾಕ್ಯವನ್ನು ಒಪ್ಪಿಕೊಂಡ ಮೇಲೆ ಮಾರ್ಕ್ಸ್‌ವಾದದ ಶಬ್ದಕೋಶವನ್ನೆಲ್ಲ ಹಾಗೆಯೇ ಉಳಿಸಿಕೊಂಡು, ಮಾಲೀಕ ಮತ್ತು ಕೂಲಿಗಾರನ ನಡುವಿನ ಸಂಘರ್ಷವನ್ನು ನಮ್ಮ ದೇಶ ಮತ್ತು ಅವರ ದೇಶದ ನಡುವಿನ ಸಂಘರ್ಷವಾಗಿ ಮಾರ್ಪಡಿಸುವುದು ಕಷ್ಟವಾಗುವುದಿಲ್ಲ.

ಜರ್ಮನಿಯಲ್ಲಿ ಇದು ಮೊದಲು ಕಾಣಿಸಿಕೊಂಡದ್ದು ಎಡಪಂಥದ ಒಳಗೇ. 1918ರ ಕ್ರಾಂತಿಯಲ್ಲಿ ಹ್ಯಾಂಬರ್ಗಿನ ಕಾರ್ಮಿಕರ ಮತ್ತು ಸೈನಿಕರ ಮಂಡಳಿಯ ಅಧ್ಯಕ್ಷನಾಗಿದ್ದ ಹೈನ್ರಿಚ್ ಲಾಫೆನ್‌ಬರ್ಗ್ ಮತ್ತು ಅವನ ಸಂಗಾತಿ ಫ್ರಿಟ್ಜ್ ವೋಲ್ಫ್‌ಹೈಮ್, ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಯ ಮೇಲೆ ಗೆದ್ದವರು ಹೇರಿದ ವರ್ಸೇಲ್ಸ್ ಒಪ್ಪಂದವನ್ನು ಹರಿದುಹಾಕಲು ಜರ್ಮನ್ ಕಾರ್ಮಿಕರು ರಾಷ್ಟ್ರವಾದಿ ಸೇನಾಧಿಕಾರಿಗಳೊಡನೆ ಕೂಡಿ, ಸೋವಿಯತ್ ರಷ್ಯಾದ ಪಕ್ಕದಲ್ಲಿ ನಿಂತು, ಪಶ್ಚಿಮದ ವಿರುದ್ಧ ಯುದ್ಧ ಹೂಡಬೇಕು ಎಂದು ವಾದಿಸಿದರು. ಕಮ್ಯುನಿಸ್ಟ್ ಪಕ್ಷದಿಂದ ಅವರು ಹೊರಬಿದ್ದರು; ಮುಂದೆ ಸೇರಿಕೊಂಡ ಇನ್ನೂ ಉಗ್ರವಾದ ಕಮ್ಯುನಿಸ್ಟ್ ಕಾರ್ಮಿಕ ಪಕ್ಷವೂ 1920ರಲ್ಲಿ ಅವರನ್ನು ಹೊರಹಾಕಿತು. ಎಡಪಂಥೀಯ ಕಮ್ಯುನಿಸಂ ಕುರಿತು ಅದೇ ವರ್ಷ ಬರೆದ ಪುಸ್ತಕದಲ್ಲಿ ಲೆನಿನ್ ಈ ನಿಲುವನ್ನು ಅಸಂಬದ್ಧವೆಂದು ಕಟುವಾಗಿ ಟೀಕಿಸಿದ.

ಆದರೆ ಮೂರು ವರ್ಷಗಳ ನಂತರ ಮಾಸ್ಕೋ ತಾನೇ ಆ ಬಾಗಿಲನ್ನು ತೆರೆಯಿತು. 1923ರ ಜನವರಿಯಲ್ಲಿ ಫ್ರೆಂಚ್ ಮತ್ತು ಬೆಲ್ಜಿಯನ್ ಪಡೆಗಳು ಜರ್ಮನಿಯ ರೂರ್ ಕೈಗಾರಿಕಾ ಪ್ರದೇಶವನ್ನು ಆಕ್ರಮಿಸಿಕೊಂಡವು. ಅಲ್ಲಿ ರೈಲು ಹಳಿ ಸ್ಫೋಟಿಸಿದ್ದಕ್ಕಾಗಿ ಆಲ್ಬರ್ಟ್ ಲಿಯೊ ಶ್ಲಾಗೆಟರ್ ಎಂಬ ಬಲಪಂಥೀಯ ಮಾಜಿ ಸೈನಿಕನನ್ನು ಫ್ರೆಂಚರು ಮೇ 26ರಂದು ಡ್ಯುಸೆಲ್‌ಡಾರ್ಫ್ ಬಳಿ ಗುಂಡಿಟ್ಟು ಕೊಂದರು. ಜೂನ್ 20ರಂದು ಮಾಸ್ಕೋದಲ್ಲಿ ನಡೆದ, ಹಲವು ದೇಶಗಳ ಕಮ್ಯುನಿಸ್ಟ್ ಪಕ್ಷಗಳ ಒಕ್ಕೂಟವಾದ ಕಮ್ಯುನಿಸ್ಟ್ ಇಂಟರ್‌ನ್ಯಾಷನಲ್‌ನ ಸಭೆಯಲ್ಲಿ ಅದರ ನಾಯಕರಲ್ಲೊಬ್ಬನಾದ ಕಾರ್ಲ್ ರಾಡೆಕ್ ಎದ್ದು ನಿಂತು, ತಮ್ಮ ವರ್ಗಶತ್ರುವಾದ ಈ ಶ್ಲಾಗೆಟರನನ್ನು ಧೀರ ಸೈನಿಕನೆಂದು ಕೊಂಡಾಡಿದ; ಅವನು ಶೂನ್ಯದತ್ತ ನಡೆದ ಯಾತ್ರಿಕ, ಅವನಂಥವರಿಗೆ ಸರಿಯಾದ ದಾರಿ ತೋರಿಸಬೇಕಾದದ್ದು ಕಮ್ಯುನಿಸ್ಟರ ಹೊಣೆ ಎಂದ. ಅದಾದ ಮೇಲೆ ಕೆಲವು ವಾರಗಳ ಕಾಲ ಜರ್ಮನ್ ಕಮ್ಯುನಿಸ್ಟರ ಪತ್ರಿಕೆಯಲ್ಲಿ ರೆವೆಂಟ್ಲೊನಂಥ ಕಟ್ಟಾ ರಾಷ್ಟ್ರವಾದಿಯ ಬರಹಕ್ಕೂ ಜಾಗ ಸಿಕ್ಕಿತು. ಆ ಬೇಸಿಗೆ ಮುಗಿಯುವಷ್ಟರಲ್ಲಿ ಪ್ರಯೋಗವೂ ಮುಗಿಯಿತು. ಶ್ಲಾಗೆಟರನ ಹೆಸರು ಮಾತ್ರ ನಾಜಿಗಳ ಪಾಲಾಯಿತು. ಅವರು ಅವನನ್ನು ತಮ್ಮ ಹುತಾತ್ಮನೆಂದು ಘೋಷಿಸಿ ಸ್ಮಾರಕಗಳನ್ನು ನಿಲ್ಲಿಸಿದರು.

ರಾಡೆಕ್ ಮಾಡಿದ್ದು ಒಂದು ತಂತ್ರ. ಇದನ್ನು ಬದುಕಿನ ನಂಬಿಕೆಯಾಗಿಸಿಕೊಂಡವನು ಎರ್ನ್ಸ್ಟ್ ನೀಕಿಷ್, ಮತ್ತು ಈ ಇಡೀ ಪರಂಪರೆಯಲ್ಲಿ ನಾನು ಅತ್ಯಂತ ಗಂಭೀರವಾಗಿ ಪರಿಗಣಿಸುವ ವ್ಯಕ್ತಿ ಅವನೇ. 1889ರಲ್ಲಿ ಹುಟ್ಟಿದ ಈತ ಶಾಲಾ ಶಿಕ್ಷಕ. 1919ರಲ್ಲಿ ಬವೇರಿಯಾದ ಕ್ರಾಂತಿಕಾರಿ ಮಂಡಳಿಗಳ ಕೇಂದ್ರ ಸಮಿತಿಯ ಅಧ್ಯಕ್ಷನಾಗಿದ್ದು, ಅದಕ್ಕಾಗಿ ಎರಡು ವರ್ಷ ಸೆರೆವಾಸ ಅನುಭವಿಸಿದವನು. ಅಂದರೆ ಎಡಪಂಥದಲ್ಲಿ ಅವನ ಬೇರು ಆಳವಾಗಿಯೇ ಇತ್ತು. ವರ್ಸೇಲ್ಸ್ ಒಪ್ಪಂದದ ಹೊರೆಯನ್ನು ಕಂಡು ಅವನು ತಲುಪಿದ ತೀರ್ಮಾನ ಹೀಗಿತ್ತು: ಗೆದ್ದ ದೇಶಗಳಿಗೆ ಕೊಡಬೇಕಾದ ಯುದ್ಧ ಪರಿಹಾರದ ಹಣವನ್ನು ಕೊನೆಗೆ ತೆರುವವನು ಜರ್ಮನ್ ಕಾರ್ಮಿಕ, ಆದ್ದರಿಂದ ರಾಷ್ಟ್ರದ ಬಿಡುಗಡೆ ಮತ್ತು ಕಾರ್ಮಿಕನ ಬಿಡುಗಡೆ ಎರಡಲ್ಲ, ಪಶ್ಚಿಮದ ಉದಾರವಾದ, ವ್ಯಾಪಾರ, ನಗರ ಸಂಸ್ಕೃತಿ ಎಲ್ಲವನ್ನೂ ತಿರಸ್ಕರಿಸಿ ಪ್ರಷ್ಯಾದ ಶಿಸ್ತನ್ನು ರಷ್ಯಾದ ಸಮಷ್ಟಿವಾದದೊಡನೆ ಕೂಡಿಸಬೇಕು. 1926ರಲ್ಲಿ ಆರಂಭಿಸಿದ ತನ್ನ ‘ವಿಡರ್‌ಶ್ಟಾಂಡ್’ ಪತ್ರಿಕೆಯಲ್ಲಿ ಎಂಟು ವರ್ಷ ಅವನು ಇದನ್ನೇ ಬರೆದ. ಇದರಲ್ಲಿ ಅಸಹ್ಯ ಹುಟ್ಟಿಸುವ ಭಾಗಗಳಿವೆ. ಪ್ರಜಾಪ್ರಭುತ್ವದ ಬಗ್ಗೆ ಅವನಿಗಿದ್ದ ತಾತ್ಸಾರ, ಜನಾಂಗದ ಮಾತು, ಯುದ್ಧದ ಆರಾಧನೆ ಯಾವುದನ್ನೂ ಮುಚ್ಚಿಡಬೇಕಾಗಿಲ್ಲ. ಆದರೂ 1932ರಲ್ಲಿ, ಎಷ್ಟೋ ಮಂದಿ ಗೌರವಸ್ಥ ಉದಾರವಾದಿಗಳು ಇನ್ನೂ ಲೆಕ್ಕಾಚಾರದಲ್ಲಿದ್ದಾಗ, ಹಿಟ್ಲರ್ ಜರ್ಮನಿಗೆ ಒದಗಲಿರುವ ವಿನಾಶ ಎಂದು ಸಾರುವ ಕಿರುಪುಸ್ತಕವನ್ನು ಅವನು ಪ್ರಕಟಿಸಿದ. ಅದಕ್ಕೆ ಎ. ಪಾಲ್ ವೆಬರ್ ಎಂಬ ಕಲಾವಿದ ಚಿತ್ರಗಳನ್ನು ಬರೆದಿದ್ದ. ಅವುಗಳಲ್ಲೊಂದರಲ್ಲಿ ನಾಜಿಗಳ ದೊಡ್ಡ ಗುಂಪು ಸ್ವಸ್ತಿಕದ ಬಾವುಟಗಳನ್ನು ಹಿಡಿದು ಮಹಾ ಶವಪೆಟ್ಟಿಗೆಯೊಳಕ್ಕೆ ತಾನಾಗಿಯೇ ಮೆರವಣಿಗೆ ಹೊರಟಿದೆ. ನೀಕಿಷನನ್ನು 1937ರಲ್ಲಿ ಬಂಧಿಸಲಾಯಿತು, 1939ರಲ್ಲಿ ಜೀವಾವಧಿ ಶಿಕ್ಷೆಯಾಯಿತು. 1945ರಲ್ಲಿ ಕೆಂಪು ಸೇನೆ ಸೆರೆಮನೆಯ ಬಾಗಿಲು ತೆರೆದಾಗ ಅವನಿಗೆ ಕಣ್ಣು ಬಹುತೇಕ ಕಾಣುತ್ತಿರಲಿಲ್ಲ. ಪೂರ್ವ ಬರ್ಲಿನ್ನಿನಲ್ಲಿ ಪ್ರಾಧ್ಯಾಪಕನಾದ. 1953ರ ಜೂನ್‌ನಲ್ಲಿ ಅಲ್ಲಿನ ಕಾರ್ಮಿಕರ ದಂಗೆಯನ್ನು ಸೋವಿಯತ್ ಟ್ಯಾಂಕುಗಳು ಹತ್ತಿಕ್ಕಿದ್ದನ್ನು ಕಂಡು ಆ ವ್ಯವಸ್ಥೆಯಿಂದಲೂ ದೂರವಾದ. ಕೊನೆಗೆ ಪಶ್ಚಿಮ ಬರ್ಲಿನ್ನಿನಲ್ಲಿ 1967ರಲ್ಲಿ ತೀರಿಕೊಂಡ.

ರಷ್ಯಾದ ಕಡೆಯಿಂದ ಇದೇ ವಿಚಾರಕ್ಕೆ ಬಂದ ನಿಕೊಲಾಯ್ ಉಸ್ತ್ರ್ಯಾಲೊವ್‌ನ ಕತೆ ಇನ್ನೂ ಕಠೋರವಾದದ್ದು. ಅಂತರ್ಯುದ್ಧದಲ್ಲಿ ಬೋಲ್ಷೆವಿಕರ ವಿರುದ್ಧ ನಿಂತಿದ್ದ ಈತ, ಸೋತ ಮೇಲೆ ಚೀನಾದ ಹರ್ಬಿನ್ ನಗರದಲ್ಲಿ ನೆಲೆಸಿ, ಬೋಲ್ಷೆವಿಕರು ತಮಗೆ ಅರಿವಿಲ್ಲದೆಯೇ ರಷ್ಯಾದ ಮಹಾಸಾಮ್ರಾಜ್ಯವನ್ನು ಮತ್ತೆ ಕಟ್ಟುತ್ತಿದ್ದಾರೆ, ಆದ್ದರಿಂದ ದೇಶಭಕ್ತರು ಅವರೊಡನೆ ಸೇರಬೇಕು ಎಂದು ಬರೆದ. ಆ ನಂಬಿಕೆಯ ಮೇಲೆಯೇ 1935ರಲ್ಲಿ ಸ್ವದೇಶಕ್ಕೆ ಮರಳಿದ. 1937ರಲ್ಲಿ ಸ್ಟಾಲಿನ್ ಆಡಳಿತ ಅವನನ್ನು ಗುಂಡಿಟ್ಟು ಕೊಂದಿತು.

ಹೆಸರಿನಲ್ಲಿ ‘ಸಮಾಜವಾದಿ’ ಎಂದಿರುವುದರಿಂದ ನಾಜಿ ಪಕ್ಷವೂ ಇಂಥದೇ ಬೆರಕೆಯಲ್ಲವೇ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿ ಏಳುತ್ತದೆ. 1920ರ ಅದರ 25 ಅಂಶಗಳ ಕಾರ್ಯಕ್ರಮದಲ್ಲಿ ದೊಡ್ಡ ಉದ್ಯಮ ಕೂಟಗಳ (ಟ್ರಸ್ಟ್‌ಗಳ) ರಾಷ್ಟ್ರೀಕರಣ, ದುಡಿಯದೆ ಬರುವ ಆದಾಯದ ರದ್ದತಿ, ಪರಿಹಾರವಿಲ್ಲದೆ ಭೂಮಿ ವಶಪಡಿಸಿಕೊಳ್ಳುವ ಕಾನೂನು ಎಲ್ಲವೂ ಇದ್ದವು. ಈ ಆರ್ಥಿಕ ವಿಚಾರಗಳ ಮೂಲ ಗಾಟ್‌ಫ್ರೀಡ್ ಫೆಡರ್ ಎಂಬ ಎಂಜಿನಿಯರ್. ಬಡ್ಡಿಯ ದಾಸ್ಯವನ್ನು ಮುರಿಯಬೇಕು ಎಂಬ ಘೋಷಣೆ ಅವನದು. ಆ ಘೋಷಣೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಫೆಡರ್ ಬಂಡವಾಳವನ್ನು ಎರಡಾಗಿ ಒಡೆದ: ಕಾರ್ಖಾನೆ ಕಟ್ಟಿ ಸರಕು ತಯಾರಿಸುವ ಬಂಡವಾಳ ಉತ್ಪಾದಕ, ದೇಶೀಯ, ಒಳ್ಳೆಯದು, ಸಾಲ ಕೊಟ್ಟು ಬಡ್ಡಿ ಎತ್ತುವ ಬಂಡವಾಳ ಪರೋಪಜೀವಿ, ಪರಕೀಯ, ಕೆಟ್ಟದ್ದು. ಮಾರ್ಕ್ಸ್‌ಗೆ ಬಂಡವಾಳ ಎಂಬುದು ಒಂದು ಸಂಬಂಧ. ಕಾರ್ಖಾನೆಯ ಮಾಲೀಕ ಎಷ್ಟೇ ದೇಶಭಕ್ತನಾಗಿದ್ದರೂ ಆ ಸಂಬಂಧದೊಳಗೆ ಅವನ ಸ್ಥಾನ ಬದಲಾಗುವುದಿಲ್ಲ. ಫೆಡರನ ವಿಭಜನೆಯಲ್ಲಾದರೋ ಕಾರ್ಮಿಕನ ಸಿಟ್ಟು ಮಾಲೀಕನನ್ನು ಬಿಟ್ಟು ಲೇವಾದೇವಿಗಾರನ ಕಡೆಗೆ, ಅಲ್ಲಿಂದ ಯೆಹೂದಿಯ ಕಡೆಗೆ ಹೊರಳುತ್ತದೆ. ಇದು ನನ್ನ ಊಹೆಯಲ್ಲ: ಭೂಮಿಯ ಕುರಿತ 17ನೆಯ ಅಂಶದಿಂದ ಆಸ್ತಿವಂತರು ಹೆದರಿದಾಗ, 1928ರಲ್ಲಿ ಹಿಟ್ಲರ್ ಅಧಿಕೃತ ಸ್ಪಷ್ಟೀಕರಣ ಹೊರಡಿಸಿ, ಅದು ಮುಖ್ಯವಾಗಿ ಭೂಮಿಯ ಸಟ್ಟಾ ವ್ಯಾಪಾರ ಮಾಡುವ ಯೆಹೂದಿ ಕಂಪನಿಗಳಿಗಷ್ಟೇ ಅನ್ವಯಿಸುತ್ತದೆ, ಪಕ್ಷ ಖಾಸಗಿ ಆಸ್ತಿಯ ಪರವಾಗಿದೆ ಎಂದು ತಿಳಿಸಿದ.

ಪಕ್ಷದೊಳಗೆ ಆ ಕಾರ್ಯಕ್ರಮವನ್ನು ಅಕ್ಷರಶಃ ನಂಬಿದವರೂ ಇದ್ದರು. ಅವರಲ್ಲಿ ಪ್ರಮುಖನಾದ ಒಟ್ಟೊ ಸ್ಟ್ರಾಸರ್ 1930ರ ಮೇ ತಿಂಗಳಲ್ಲಿ ಹಿಟ್ಲರ್ ಜೊತೆ ಎರಡು ದಿನ ವಾದಿಸಿದ. ಒಟ್ಟೊ ಬರೆದಿಟ್ಟಿರುವ ಪ್ರಕಾರ, ನಾಳೆ ನೀವು ಅಧಿಕಾರಕ್ಕೆ ಬಂದರೆ ಕ್ರುಪ್ ಉಕ್ಕು ಕಂಪನಿಯನ್ನು ಏನು ಮಾಡುತ್ತೀರಿ ಎಂದು ಅವನು ಕೇಳಿದ. ಹಾಗೆಯೇ ಬಿಡುತ್ತೇನೆ, ಜರ್ಮನಿಯ ಕೈಗಾರಿಕೆಯನ್ನು ಹಾಳುಮಾಡಲು ನನಗೇನು ಹುಚ್ಚೇ ಎಂದು ಹಿಟ್ಲರ್ ಉತ್ತರಿಸಿದ. ಜುಲೈನಲ್ಲಿ ಒಟ್ಟೊ, ಸಮಾಜವಾದಿಗಳು ಪಕ್ಷ ತೊರೆಯುತ್ತಿದ್ದಾರೆ ಎಂಬ ಹೇಳಿಕೆ ಕೊಟ್ಟು ಹೊರಬಂದ. ಪಕ್ಷದಲ್ಲೇ ಉಳಿದು 1932ರ ಕೊನೆಯಲ್ಲಿ ಹುದ್ದೆಗಳನ್ನು ತೊರೆದಿದ್ದ ಅವನ ಅಣ್ಣ ಗ್ರೆಗೊರ್‌ನನ್ನು 1934ರ ಜೂನ್ 30ರಂದು ಕೊಲ್ಲಲಾಯಿತು. ನಡುವೆ, 1933ರಲ್ಲಿ, ಹೊಸ ಸರ್ಕಾರ ಮೇ 1ನ್ನು ಸಂಬಳಸಹಿತ ರಾಷ್ಟ್ರೀಯ ರಜೆಯೆಂದು ಘೋಷಿಸಿ ಬರ್ಲಿನ್ನಿನಲ್ಲಿ ಭಾರೀ ಕಾರ್ಮಿಕೋತ್ಸವ ನಡೆಸಿತು. ಮಾರನೆಯ ಬೆಳಿಗ್ಗೆ ದೇಶದಾದ್ಯಂತ ಕಾರ್ಮಿಕ ಸಂಘಗಳ ಕಚೇರಿಗಳಿಗೆ ನುಗ್ಗಿ ಅವುಗಳನ್ನು ವಶಪಡಿಸಿಕೊಂಡಿತು. ನಾಜಿಗಳು ಸಮಾಜವಾದಿಗಳಾಗಿದ್ದರೇ ಎಂದು ಕೇಳುವವರಿಗೆ ಆ ಎರಡು ದಿನಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ ಎಂದು ನಾನು ಹೇಳುತ್ತೇನೆ.

ಎದುರು ದಿಕ್ಕಿನ ಚಲನೆಯೂ ಇತ್ತು ಎಂಬುದನ್ನು ಮರೆಯಬಾರದು. ಸೈನ್ಯದೊಳಗೆ ನಾಜಿ ಪ್ರಚಾರ ಮಾಡಿದ ಆರೋಪದ ಮೇಲೆ 1930ರಲ್ಲಿ ಶಿಕ್ಷೆಗೊಳಗಾದ ಯುವ ಅಧಿಕಾರಿ ರಿಚರ್ಡ್ ಶೆರಿಂಗರ್, ಸೆರೆಯಲ್ಲಿ ಕಮ್ಯುನಿಸ್ಟ್ ಕೈದಿಗಳೊಡನೆ ಚರ್ಚಿಸುತ್ತ ಮನಸ್ಸು ಬದಲಿಸಿ, 1931ರಲ್ಲಿ ತಾನು ಕಮ್ಯುನಿಸ್ಟರ ಕಡೆ ಬಂದಿರುವುದಾಗಿ ಬಹಿರಂಗವಾಗಿ ಪ್ರಕಟಿಸಿದ.

ಈಗ ನೀವು ಕಂಡ ಬಾವುಟಕ್ಕೆ ಬರೋಣ. 1992ರ ಜನವರಿ 2ರಂದು ರಷ್ಯಾ ಸರ್ಕಾರ ಬೆಲೆಗಳ ಮೇಲಿನ ಹಿಡಿತವನ್ನು ಸಡಿಲಿಸಿತು. ಆ ಒಂದು ವರ್ಷದಲ್ಲಿ ಬೆಲೆಗಳು 20 ಪಟ್ಟಿಗಿಂತ ಹೆಚ್ಚಾದವು, ಜೀವಮಾನದ ಉಳಿತಾಯಗಳು ಕರಗಿಹೋದವು. ಸೋವಿಯತ್ ಒಕ್ಕೂಟ ಒಡೆದದ್ದರಿಂದ ಸುಮಾರು 2.5 ಕೋಟಿ ರಷ್ಯನ್ನರು ಮನೆ ಬಿಟ್ಟು ಕದಲದೆಯೇ ಬೇರೆ ದೇಶಗಳ ನಿವಾಸಿಗಳಾಗಿದ್ದರು. ಸೋಲು, ಹಣದ ಕುಸಿತ, ಕಳೆದುಹೋದ ನೆಲ: 1920ರ ದಶಕದ ಜರ್ಮನಿಯ ಎಲ್ಲ ಪರಿಸ್ಥಿತಿಗಳೂ ಅಲ್ಲಿ ಒಟ್ಟಾಗಿದ್ದವು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಮ್ಯುನಿಸ್ಟರು ಮತ್ತು ರಾಷ್ಟ್ರವಾದಿಗಳು ಸೇರಿ ರಾಷ್ಟ್ರೀಯ ರಕ್ಷಣಾ ರಂಗವನ್ನು ಕಟ್ಟಿದರು. ವಿರೋಧಿಗಳು ಅವರನ್ನು ‘ಕೆಂಪು-ಕಂದು’ ಕೂಟ ಎಂದು ಕರೆದರು; ಕೆಂಪು ಕಮ್ಯುನಿಸ್ಟರ ಬಣ್ಣ, ಕಂದು ನಾಜಿಗಳ ಸಮವಸ್ತ್ರದ್ದು. 1993ರಲ್ಲಿ ಲೇಖಕ ಎಡ್ವರ್ಡ್ ಲಿಮೊನೊವ್, ಚಿಂತಕ ಅಲೆಕ್ಸಾಂಡರ್ ದೂಗಿನ್ ಮೊದಲಾದವರು ನ್ಯಾಷನಲ್ ಬೋಲ್ಷೆವಿಕ್ ಪಕ್ಷವನ್ನು ಸ್ಥಾಪಿಸಿದರು. ಸೈಬೀರಿಯಾದ ಪಂಕ್ ಗಾಯಕ ಯೆಗೊರ್ ಲೆತೊವ್ ಅದರ ಮೊದಲ ಸದಸ್ಯರಲ್ಲೊಬ್ಬ. ಲಿಮೊನೊವ್ ಸೋವಿಯತ್ ಒಕ್ಕೂಟವನ್ನು ತೊರೆದು ನ್ಯೂಯಾರ್ಕ್, ಪ್ಯಾರಿಸ್‌ಗಳಲ್ಲಿ ವರ್ಷಗಟ್ಟಲೆ ಬದುಕಿ ಹಿಂದಿರುಗಿದವನು. ದೂಗಿನ್ ಯೂರೋಪಿನ ಹಳೆಯ ಬಲಪಂಥೀಯ ಚಿಂತಕರನ್ನು ಆಳವಾಗಿ ಓದಿಕೊಂಡವನು. ಮಾಸ್ಕೋದ ನೆಲಮಾಳಿಗೆಯೊಂದು ಅವರ ಕಚೇರಿ. ಸದಸ್ಯರು ಅದನ್ನು ಬಂಕರ್ ಎನ್ನುತ್ತಿದ್ದರು. ‘ಹೌದು, ಸಾವು!’ ಎಂಬುದು ಪರಸ್ಪರ ವಂದನೆ. ಸಣ್ಣ ಊರುಗಳ, ಕೆಲಸವಿಲ್ಲದ, ಓದಿಕೊಂಡ ಹುಡುಗ ಹುಡುಗಿಯರು ಅಲ್ಲಿಗೆ ಬಂದರು. ಇದು ಬರಿಯ ಕಲಾತ್ಮಕ ಚೇಷ್ಟೆ ಎಂದು ಅನೇಕ ವಿಮರ್ಶಕರು ಬರೆದಿದ್ದಾರೆ. ಆರಂಭದಲ್ಲಿ ಆ ಅಂಶ ಇದ್ದಿರಬಹುದು, ಆದರೆ ಸೆರೆವಾಸಗಳು ಚೇಷ್ಟೆಯಾಗಿರಲಿಲ್ಲ.

ದೂಗಿನ್ 1998ರಲ್ಲಿ ಪಕ್ಷ ಬಿಟ್ಟು ಸರ್ಕಾರಕ್ಕೆ ಹತ್ತಿರವಾದ ದಾರಿ ಹಿಡಿದ. ಲಿಮೊನೊವ್‌ನನ್ನು 2001ರ ಏಪ್ರಿಲ್‌ನಲ್ಲಿ ಆಲ್ತಾಯ್ ಪ್ರದೇಶದಲ್ಲಿ ಬಂಧಿಸಲಾಯಿತು. ಕಝಾಕಸ್ತಾನದ ಉತ್ತರ ಭಾಗದಲ್ಲಿ ಸಶಸ್ತ್ರ ದಂಗೆಗೆ ಸಿದ್ಧತೆ ನಡೆಸಿದ ಎಂಬುದು ತನಿಖೆಯ ಆರೋಪ, ಶಿಕ್ಷೆಯಾದದ್ದು ಶಸ್ತ್ರಾಸ್ತ್ರ ಖರೀದಿಯ ಪ್ರಕರಣದಲ್ಲಿ. ಆ ನಂತರದ ವರ್ಷಗಳ ಚಟುವಟಿಕೆಗಳಲ್ಲಿ ಎಡಪಂಥದ ಮುಖವೇ ಎದ್ದು ಕಾಣುತ್ತದೆ. ವೃದ್ಧರಿಗೆ, ಅಂಗವಿಕಲರಿಗೆ ಇದ್ದ ಉಚಿತ ಬಸ್ ಪ್ರಯಾಣ, ಉಚಿತ ಔಷಧಿಗಳಂಥ ಸೌಲಭ್ಯಗಳನ್ನು ತೆಗೆದು ಸಣ್ಣ ಮೊತ್ತದ ನಗದನ್ನು ಕೊಡುವ ಕಾನೂನು ಸಿದ್ಧವಾಗುತ್ತಿದ್ದಾಗ, 2004ರ ಆಗಸ್ಟ್ 2ರಂದು ಪಕ್ಷದ ಯುವಕರು ಮಾಸ್ಕೋದ ಆರೋಗ್ಯ ಸಚಿವಾಲಯದೊಳಕ್ಕೆ ನುಗ್ಗಿ, ಕೊಠಡಿಗಳ ಬಾಗಿಲು ಭದ್ರಪಡಿಸಿಕೊಂಡು, ಅಧ್ಯಕ್ಷ ಪುಟಿನ್‌ರ ಭಾವಚಿತ್ರವನ್ನು ಕಿಟಕಿಯಿಂದ ಹೊರಕ್ಕೆಸೆದರು. ಯಾರ ಮೇಲೂ ಗುಂಡು ಹಾರಲಿಲ್ಲ. ಏಳು ಮಂದಿಗೆ ತಲಾ 5 ವರ್ಷದ ಸೆರೆವಾಸ ವಿಧಿಸಲಾಯಿತು. ಮೇಲ್ಮನವಿಯಲ್ಲಿ ಅದು ಕಡಿಮೆಯಾಯಿತು. ಇಂಥ ಕ್ರಮಗಳಿಂದ ರಷ್ಯಾದ ಉದಾರವಾದಿಗಳಿಗೂ ಅವರ ಮೇಲೆ ಗೌರವ ಮೂಡಿತು. ಚದುರಂಗದ ಗ್ಯಾರಿ ಕ್ಯಾಸ್ಪರೊವ್ ಜೊತೆ ‘ಇನ್ನೊಂದು ರಷ್ಯಾ’ ಒಕ್ಕೂಟದಲ್ಲಿ ಅವರು ಒಟ್ಟಿಗೆ ನಡೆದರು. 2007ರಲ್ಲಿ ನ್ಯಾಯಾಲಯ ಪಕ್ಷವನ್ನು ಉಗ್ರಗಾಮಿ ಎಂದು ನಿಷೇಧಿಸಿತು.

ಏಳು ವರ್ಷಗಳ ನಂತರ, 2014ರಲ್ಲಿ, ರಷ್ಯಾ ನೆರೆಯ ಉಕ್ರೇನಿನ ಕ್ರೈಮಿಯಾವನ್ನು ವಶಪಡಿಸಿಕೊಂಡಿತು. ತಮ್ಮನ್ನು ಜೈಲಿಗಟ್ಟಿದ ಅದೇ ಸರ್ಕಾರದ ಆ ಕ್ರಮವನ್ನು ಲಿಮೊನೊವ್ ಮತ್ತು ಅವನ ಅನುಯಾಯಿಗಳು ಸಂಪೂರ್ಣವಾಗಿ ಬೆಂಬಲಿಸಿದರು. ಪೂರ್ವ ಉಕ್ರೇನಿನ ಡೊನ್‌ಬಾಸ್‌ನಲ್ಲಿ ಕಾದಾಡಲು ಸ್ವಯಂಸೇವಕರನ್ನು ಕಳುಹಿಸಿದರು. ಆ ತುಕಡಿಗಳಿಗೆ ಅವರಿಟ್ಟ ಹೆಸರು ‘ಇಂಟರ್‌ಬ್ರಿಗೇಡ್’. 1930ರ ದಶಕದಲ್ಲಿ ಸ್ಪೇನಿನ ಗಣರಾಜ್ಯವನ್ನು ಫ್ಯಾಸಿಸ್ಟರಿಂದ ಕಾಪಾಡಲು ಹತ್ತಾರು ದೇಶಗಳ ಕಾರ್ಮಿಕರು ಸೇರಿದ ಪಡೆಗಳ ಹೆಸರದು. ಅದನ್ನು ನೆರೆಯ ದೇಶದ ನೆಲ ಕಬಳಿಸುವ ಕೆಲಸಕ್ಕೆ ಹೊದಿಸಿದ್ದನ್ನು ಓದಿದಾಗ ನನಗಾದ ಬೇಸರವನ್ನು ಇಲ್ಲಿ ಮುಚ್ಚಿಡಲಾರೆ. ಪಿಂಚಣಿದಾರರಿಗಾಗಿ ಸೆರೆಮನೆಗೆ ಹೋದವರ ಪ್ರಾಮಾಣಿಕತೆಯನ್ನು ನಾನು ಸಂದೇಹಿಸುವುದಿಲ್ಲ; ಆದರೆ ಈ ಬಗೆಯ ಚಳವಳಿಯಲ್ಲಿ ಸೇರುವಾಗಲೇ ಎಡಪಂಥೀಯನು ಬಿಟ್ಟುಕೊಡಬೇಕಾದದ್ದು ಗಡಿಯಾಚೆಯ ಶ್ರಮಿಕನೂ ನನ್ನವನು ಎಂಬ ಭಾವವನ್ನು. ಅದನ್ನು ಕೊಟ್ಟ ಮೇಲೆ ರಾಷ್ಟ್ರದ ಹಿತ ಮತ್ತು ಬಡವನ ಹಿತ ಎದುರುಬದುರಾದ ಪ್ರತಿ ಸಂದರ್ಭದಲ್ಲಿಯೂ ಬಡವನ ಪರವಾಗಿ ವಾದಿಸಲು ಅವನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಬಲಪಂಥೀಯನು ಬಿಟ್ಟುಕೊಡುವುದು ಖಾಸಗಿ ಆಸ್ತಿಯ ಮೇಲಿನ ಗೌರವವನ್ನು, ಅದೂ ಹೆಚ್ಚಿನ ಬಾರಿ ಮಾತಿನಲ್ಲಿ ಮಾತ್ರ. ಕೊಡುಕೊಳ್ಳುವಿಕೆಯ ಈ ಅಸಮತೆಯನ್ನು ಕುದುರೆ ಲಾಳದ ಚಿತ್ರ ಮರೆಮಾಡುತ್ತದೆ. ನನ್ನ ಮುಖ್ಯ ತಕರಾರು ಇದೇ.

ಇಂಥ ಚಳವಳಿಯನ್ನು ಗುರುತಿಸುವುದು ಹೇಗೆ ಎಂದು ನೀವು ಮುಂದೆ ಕೇಳಬಹುದು. ಬ್ಯಾಂಕುಗಳನ್ನು ಬೈಯುವುದಾಗಲಿ ದೇಶವನ್ನು ಪ್ರೀತಿಸುವುದಾಗಲಿ ಗುರುತಲ್ಲ. ಎರಡನ್ನೂ ಮಾಡುವ ಸಜ್ಜನರು ಎಲ್ಲೆಡೆ ಇದ್ದಾರೆ. ಆ ಚಳವಳಿ ತನ್ನ ಶತ್ರುವನ್ನು ಹೇಗೆ ಹೆಸರಿಸುತ್ತದೆ ಎಂಬುದನ್ನು ಗಮನಿಸಿ. ಬದಲಾಯಿಸಬಹುದಾದ ಒಂದು ಕಾನೂನು, ಒಂದು ಒಡೆತನದ ರೀತಿ ಶತ್ರುವಾಗಿದ್ದರೆ ಅದೊಂದು ಬಗೆಯ ರಾಜಕಾರಣ. ಹುಟ್ಟಿನಿಂದಲೇ ನಿಶ್ಚಯವಾಗಿಬಿಟ್ಟ ಒಂದು ಜನಸಮುದಾಯ ಶತ್ರುವಾಗಿದ್ದರೆ, ಎಷ್ಟೇ ಸಮತೆಯ ಮಾತಾಡಿದರೂ ಫೆಡರನ ಲೆಕ್ಕವೇ ಅಲ್ಲಿ ಕೆಲಸ ಮಾಡುತ್ತಿರುತ್ತದೆ.

ಭಾರತದಲ್ಲಿ ಈ ವಿಷಯಕ್ಕೆ ನಿಜವಾದ ಸಂಬಂಧವಿರುವ ಒಂದು ಪ್ರಸಂಗವುಂಟು. ಅದು 1989ರದ್ದಲ್ಲ, ಸುಭಾಷ್‌ಚಂದ್ರ ಬೋಸರದ್ದು. 1935ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಗಿ, ಭಾರತದಲ್ಲಿ ಬ್ರಿಟಿಷರು ನಿಷೇಧಿಸಿದ ತಮ್ಮ ಗ್ರಂಥದಲ್ಲಿ ಅವರು, ಕಮ್ಯುನಿಸಂ ಮತ್ತು ಫ್ಯಾಸಿಸಂಗಳ ಸಮನ್ವಯವೇ ಇತಿಹಾಸದ ಮುಂದಿನ ಘಟ್ಟ, ಅದನ್ನು ಸಾಧಿಸುವುದು ಭಾರತದ ಕೆಲಸ ಎಂದು ಬರೆದು, ಅದಕ್ಕೆ ಸಾಮ್ಯವಾದ ಎಂದು ಹೆಸರಿಟ್ಟರು. 1938ರ ಜನವರಿಯಲ್ಲಿ ಬ್ರಿಟನ್ನಿನ ಕಮ್ಯುನಿಸ್ಟ್ ನಾಯಕ ರಜನಿ ಪಾಮ್ ದತ್ತರು ಇದನ್ನು ಪ್ರಶ್ನಿಸಿದಾಗ, ತಾವು ಬಳಸಿದ ಪದಗಳು ಸಮರ್ಪಕವಾಗಿರಲಿಲ್ಲವೇನೋ, ಪುಸ್ತಕ ಬರೆಯುವಾಗ ಫ್ಯಾಸಿಸಂ ಸಾಮ್ರಾಜ್ಯಶಾಹಿ ದಂಡಯಾತ್ರೆಗೆ ಇಳಿದಿರಲಿಲ್ಲ, ಅದು ರಾಷ್ಟ್ರೀಯತೆಯ ಒಂದು ಉಗ್ರ ರೂಪವೆಂದಷ್ಟೇ ತಮಗೆ ಕಂಡಿತ್ತು ಎಂದು ಉತ್ತರಿಸಿದರು. ಸ್ವಾತಂತ್ರ್ಯ ಗಳಿಸಿ ಸಮಾಜವಾದದ ಕಡೆಗೆ ನಡೆಯುವುದೇ ತಮ್ಮ ಆಶಯವೆಂದರು. ಆದರೆ 1944ರ ನವೆಂಬರ್‌ನಲ್ಲಿ ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಮಾತಾಡುವಾಗ ಸಮನ್ವಯದ ಆ ವಿಚಾರಕ್ಕೆ ಮತ್ತೆ ಮರಳಿದರು. ಬೋಸರನ್ನು ನೀಕಿಷ್ ಅಥವಾ ಲಿಮೊನೊವ್‌ರ ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯವಾಗುತ್ತದೆ. ಅವರ ದೇಶ ನಿಜವಾಗಿಯೂ ಪರರ ಆಳ್ವಿಕೆಯಲ್ಲಿತ್ತು, ಮತ್ತು ಅವರ ಆಜಾದ್ ಹಿಂದ್ ಫೌಜಿನಲ್ಲಿ ಹಿಂದೂ, ಮುಸ್ಲಿಂ, ಸಿಖ್ ಸೈನಿಕರು ಒಟ್ಟಿಗೆ ಉಂಡು ಒಟ್ಟಿಗೆ ಹೋರಾಡಿದರು. ದೇಶದೊಳಗಿನ ಯಾವ ಸಮುದಾಯವನ್ನೂ ಅವರು ಶತ್ರುವೆಂದು ಕರೆಯಲಿಲ್ಲ. ಅವರ ಭಾಷಣಗಳನ್ನು ಇಡಿಯಾಗಿ, ಯಾವ ವರ್ಷದಲ್ಲಿ, ಯಾವ ಊರಿನಲ್ಲಿ, ಯಾರ ಎದುರು ಆಡಿದ್ದೆಂಬುದನ್ನು ನೋಡಿಕೊಂಡು ಓದಿದರೆ, ಎಡ ಬಲ ಎರಡೂ ಕಡೆಯವರು ಇಂದು ಅವರನ್ನು ತಮ್ಮವರೆಂದು ಹೇಳಿಕೊಳ್ಳಲು ಯಾವ ಯಾವ ಸಾಲುಗಳನ್ನು ಎತ್ತಿಕೊಳ್ಳುತ್ತಾರೆ, ಯಾವುದನ್ನು ಬಿಟ್ಟುಬಿಡುತ್ತಾರೆ ಎಂಬುದೂ ನಿಮಗೆ ತಿಳಿಯುತ್ತದೆ.